ಬಟ್ಟೆ ಹುಚ್ಚಿನ ಲೆಕ್ಕಿಗ

ನಿದ್ದೆ ಬಿಟ್ಟು ಮ್ಯಾಥೌಸ್ ಶ್ವಾರ್ಟ್ಸ್ ಎಂಬ ಆಸಾಮಿಯ ಚಿತ್ರಗಳನ್ನು ನೋಡ್ತಾ ಕೂತಿದ್ದೆ. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಫುಗ್ಗರ್ ಸಾಹುಕಾರರ ಲೆಕ್ಕ ಬರೀತಿದ್ದವ. 1520ರಿಂದ 1560ರವರೆಗೆ ತಾನು ತೊಟ್ಟ ಉಡುಪುಗಳನ್ನು ಕಲಾವಿದರಿಂದ ಬರೆಸುತ್ತಲೇ ಹೋದ. ಒಟ್ಟು 137 ಚಿತ್ರ! ನಮ್ಮ ಸೆಲ್ಫಿ ಗೀಳು ಇವನ ಮುಂದೆ ಏನೇನೂ ಅಲ್ಲ ಬಿಡಿ. ಬೇಕಂತಲೇ ಸೀಳಿದ ಅಂಗಿಯ ತೋಳು, ಆ ಸೀಳಿನಿಂದ ಇಣುಕುವ ಒಳಬಟ್ಟೆ, ಬಿಗಿಯಾದ ಕಾಲುಚೀಲ, ಓರೆ ಟೋಪಿ. 1526ರಲ್ಲಂತೂ ಬರೀ ಮೈಯಲ್ಲಿ ಹಿಂದೆ-ಮುಂದೆ ಎರಡೂ ಕಡೆಯಿಂದ ಬರೆಸಿಕೊಂಡು, ‘ದಪ್ಪ ಆಗಿದ್ದೇನೆ’ ಅಂತ ತಾನೇ ಷರಾ ಹಾಕಿದ್ದಾನೆ.

1530ರಲ್ಲಿ ಅದೇ ಊರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ (ಆಗ ಜರ್ಮನಿ ಅದರೊಳಗಿತ್ತು) ಮಹಾಸಭೆ ಸೇರಿ, ರೈತ ಏನು ಉಡಬೇಕು, ವ್ಯಾಪಾರಿ ಏನು, ಕುಲೀನರು ಏನು ಅಂತ ಕಟ್ಟಳೆ ಮಾಡಿತು. ಬಟ್ಟೆ ನೋಡಿದ್ರೆ ಸಾಕು, ಅಂತಸ್ತು ಗೊತ್ತಾಗಬೇಕು ಅನ್ನೋ ಹಟ. ಅದೇ ವರ್ಷ ಚಕ್ರವರ್ತಿಯ ತಮ್ಮ ಫರ್ಡಿನಾಂಡ್‌ನ ಮೆಚ್ಚುಗೆಗಾಗಿ ನಮ್ಮ ಲೆಕ್ಕಿಗ ಕೆಂಪು-ಹಳದಿ ರೇಷ್ಮೆಯಲ್ಲಿ ಮಿಂಚಿದ. ಆ ಹೊತ್ತಿಗೆ ಸೊಂಟವೂ ಕರಗಿತ್ತು!

1541ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಅವನಿಗೆ ಕುಲೀನ ಪದವಿಯನ್ನೇ ಕೊಟ್ಟ. ರೇಷ್ಮೆಗೆ ಸುರಿದ ದುಡ್ಡು ಗಿಟ್ಟಿತೋ, ಚಕ್ರವರ್ತಿಗೆ ಫುಗ್ಗರ್‌ಗಳು ಕೊಟ್ಟಿದ್ದ ಸಾಲ ಕೆಲಸ ಮಾಡಿತೋ? ನನಗೇನೋ ಸಾಲದ ಮೇಲೇ ಗುಮಾನಿ.