ಬೆಳಿಗ್ಗೆಯಿಂದ ಮಾಟ್ ಬಂದಿಲ್ಲ

11 ಜುಲೈ 2025, ಶುಕ್ರವಾರ
ಬೆಂಗಳೂರು, ರಾತ್ರಿ ಹನ್ನೊಂದು ಗಂಟೆ

ಆಷಾಢ ಶುಕ್ರವಾರ. ಅಮ್ಮ ಬೆಳಕು ಹರಿಯುವ ಮುಂಚೆಯೇ ದೇವಸ್ಥಾನಕ್ಕೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದಿದ್ದಳು. ನಾನು ದೋಸೆ ತಿನ್ನುತ್ತಾ ಲ್ಯಾಬಿನ ಜೂನಿಯರ್ ಜೊತೆ ಫೋನಲ್ಲಿದ್ದೆ. "ಬೆಳಿಗ್ಗೆಯಿಂದ ಮಾಟ್ ಬಂದೇ ಇಲ್ವಾ? ಕಾಯಿಲ್ ಆನ್ ಇದ್ಯಾ ನೋಡಿದ್ಯಾ?" ಅಂದೆ. ದೋಸೆ ಮಗುಚುತ್ತಿದ್ದ ಅಮ್ಮ ತಿರುಗಿ ನೋಡಿದಳು. "ಏನೋ ಅದು, ಮಾಟ?"

ಮಾಟ ಅಲ್ಲಮ್ಮ, ಮಾಟ್. ಮ್ಯಾಗ್ನೆಟೋ ಆಪ್ಟಿಕಲ್ ಟ್ರ್ಯಾಪ್ ಅನ್ನೋದನ್ನು ಚಿಕ್ಕದು ಮಾಡಿದ್ದು. ಗಾಳಿ ಪೂರ್ತಿ ತೆಗೆದ ಗಾಜಿನ ಡಬ್ಬಿಯೊಳಗೆ ಆರು ಕಡೆಯಿಂದ ಲೇಸರ್ ಬಿಟ್ಟು, ಹೊರಗೆ ಎರಡು ಕಾಯಿಲ್, ಅಂದರೆ ಕರೆಂಟ್ ಹರಿಯುವ ತಂತಿ ಸುರುಳಿ, ಇಟ್ಟು, ರುಬಿಡಿಯಮ್ ಪರಮಾಣುಗಳನ್ನು ನಡುವೆ ಹಿಡಿದು ತಣ್ಣಗೆ ಮಾಡೋದು. ಇಷ್ಟಕ್ಕೆ ಅಮ್ಮ ಕೇಳಿದ್ದು ಒಂದೇ ಮಾತು. "ಬೆಳಕು ಬಿದ್ರೆ ಬಿಸಿ ಆಗಬೇಕಲ್ವೇನೋ?"

ಪಿಎಚ್‌ಡಿಗೆ ಸೇರಿ ನಾಲ್ಕು ವರ್ಷ ಆಯಿತು. ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ಸೆಮಿನಾರಿನಲ್ಲೂ ಯಾರೂ ಕೇಳಿಲ್ಲ. ಉತ್ತರ ಹೇಳೋಕೆ ಟೈಮ್ ಇರಲಿಲ್ಲ. ಹೊರಡುವಾಗ ಬ್ಯಾಗಿಗೆ ಒಂದು ನಿಂಬೆಹಣ್ಣು ಹಾಕಿದಳು. "ಆ ಮೆಷಿನ್ ಹತ್ರ ಇಡು, ಸುಮ್ನೆ."

ದಾರಿಯಲ್ಲಿ ತುಂತುರು ಮಳೆ. ಜಾಲಹಳ್ಳಿ ಕ್ರಾಸಿನಿಂದ ಸ್ಕೂಟರ್ ಓಡಿಸಿಕೊಂಡು ಬರುವಷ್ಟರಲ್ಲಿ ಶರ್ಟಿನ ಎದೆ ಭಾಗ ತೊಪ್ಪೆಯಾಗಿತ್ತು, ಬೆನ್ನು ಮಾತ್ರ ಒಣಗಿಕೊಂಡೇ ಇತ್ತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತೆ. ಅಲ್ಲಿ ನಿಂತರೆ ಯೋಚನೆ ಮಾಡೋಕೆ ಬೇಕಾದಷ್ಟು ಸಮಯ ಸಿಗುತ್ತದೆ. ಅಮ್ಮನಿಗೆ ಈ ಶರ್ಟನ್ನೇ ತೋರಿಸಬಹುದಿತ್ತಲ್ಲ ಅನಿಸಿತು.

ಪರಮಾಣುಗಳ ಮಟ್ಟಿಗೆ ಶಾಖ ಅಂದರೆ ಓಟ, ತಣ್ಣಗಾಗೋದು ಅಂದರೆ ಓಟ ನಿಧಾನವಾಗೋದು. ರುಬಿಡಿಯಮ್ಮಿಗೆ ಬೇಕಾದ ಬೆಳಕು 780 ನ್ಯಾನೋಮೀಟರ್ ತರಂಗಾಂತರದ್ದು. ಒಂಚೂರು ಆಚೀಚೆ ಆದರೂ ಮುಟ್ಟಲ್ಲ, ಅಷ್ಟು ಮಡಿ. ನಾವು ಬೇಕಂತಲೇ ಲೇಸರಿನ ಆವರ್ತನವನ್ನು ಒಂದು ಕೂದಲೆಳೆಯಷ್ಟು ಕಡಿಮೆ ಇಡುತ್ತೇವೆ. ಸುಮ್ಮನೆ ನಿಂತ ಪರಮಾಣುವಿಗೆ ಆ ಬೆಳಕು ಅಷ್ಟಾಗಿ ರುಚಿಸಲ್ಲ. ಬೆಳಕಿಗೆ ಎದುರಾಗಿ ಓಡುವ ಪರಮಾಣುವಿಗೆ ಅದೇ ಆವರ್ತನ ಸ್ವಲ್ಪ ಜಾಸ್ತಿಯಾಗಿ ಕಾಣುತ್ತದೆ, ಸರಿಯಾಗಿ ಹೊಂದುತ್ತದೆ, ನುಂಗುತ್ತದೆ. ಡಾಪ್ಲರ್ ಪರಿಣಾಮ ಅಂದರೆ ಇದೇ. ಯಾವ ಕಡೆಗೆ ಓಡಿದರೂ ಏಟು ಬೀಳೋದು ಎದೆಗೆ.

ಒಂದು ಏಟು ಲೆಕ್ಕಕ್ಕೇ ಇಲ್ಲ. ಕೋಣೆಯ ಶಾಖದಲ್ಲಿ ಈ ಪರಮಾಣುಗಳು ಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತವೆ. ಬೆಳಕಿನ ಒಂದು ಕಣ, ಅಂದರೆ ಫೋಟಾನ್, ತಾಗಿದರೆ ಅದರಲ್ಲಿ 6 ಮಿಲಿಮೀಟರ್ ಕಮ್ಮಿಯಾಗುತ್ತದೆ, ಅಷ್ಟೇ. ಅಂದರೆ ನಿಲ್ಲಿಸೋಕೆ 50,000 ಏಟು. ಆದರೆ ಸೆಕೆಂಡಿಗೆ ಕೋಟಿ ಏಟು ಕೊಡಬಹುದು, ಹಾಗಾಗಿ ಕೆಲವು ಮಿಲಿಸೆಕೆಂಡಿನ ಕೆಲಸ. ಶಾಖ ಎಲ್ಲಿ ಹೋಯಿತು ಅಂದರೆ, ಪರಮಾಣು ತೊಂಬತ್ತೊಂಬತ್ತು ಪೈಸೆ ನುಂಗಿ ಒಂದು ರೂಪಾಯಿ ವಾಪಸ್ ಉಗುಳುತ್ತದೆ. ಆ ಒಂದು ಪೈಸೆ ಅದರ ಓಟದಿಂದಲೇ ಬಂದಿದ್ದು. ಹೀಗೆ ಕಳೆದುಕೊಂಡು ಕಳೆದುಕೊಂಡು ದಿವಾಳಿಯಾಗುತ್ತದೆ. 1975ರಲ್ಲೇ ಹ್ಯಾನ್ಶ್ ಮತ್ತು ಶಾಲೋ ಅನ್ನೋ ಭೌತವಿಜ್ಞಾನಿಗಳು ಈ ಉಪಾಯ ಹೇಳಿದ್ದರು.

ಲ್ಯಾಬಿನಲ್ಲಿ ಮಾನಿಟರ್ ಖಾಲಿ. ಎಲ್ಲ ಸರಿ ಇದ್ದರೆ ಕ್ಯಾಮೆರಾದಲ್ಲಿ ನಡುವೆ ಸಾಸಿವೆ ಕಾಳಿನಂಥ ಬಿಳಿ ಚುಕ್ಕೆ ಕಾಣಬೇಕು. ಇವತ್ತು ಬರೀ ಮಬ್ಬು. ವ್ಯಾಕ್ಯೂಮ್ ನೋಡಿದೆವು, ಸರಿ ಇತ್ತು. ಕಾಯಿಲಿನ ಕರೆಂಟ್ ಸರಿ ಇತ್ತು. ಆರೂ ಕಿರಣಗಳ ಪವರ್ ಅಳೆದೆವು. ಕನ್ನಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ, ಅದು ಮಾಡಬಾರದಿತ್ತು, ಇದ್ದ ಅಲೈನ್‌ಮೆಂಟೂ ಹೋಯಿತು. ಮಧ್ಯಾಹ್ನ ಸರ್ ಬಂದು, "ರೀಪಂಪ್ ನೋಡಿದ್ರಾ?" ಅಂದರು. "ನೋಡಿದೆ ಸರ್, ಲಾಕ್ ಆಗಿದೆ" ಅಂದೆ. ಧೈರ್ಯವಾಗಿ.

ರೀಪಂಪ್ ಅಂದರೆ ಇನ್ನೊಂದು ಲೇಸರ್. ತಣ್ಣಗೆ ಮಾಡುವ ಬೆಳಕನ್ನು ನುಂಗಿ ಉಗುಳುತ್ತಾ ಇರುವ ಪರಮಾಣು ಯಾವಾಗಲೋ ಒಮ್ಮೆ ದಾರಿ ತಪ್ಪಿ ಬೇರೆ ಶಕ್ತಿಮಟ್ಟಕ್ಕೆ ಬೀಳುತ್ತದೆ. ಅಲ್ಲಿ ನಮ್ಮ ಮುಖ್ಯ ಲೇಸರ್ ಅದಕ್ಕೆ ಕಾಣಿಸಲ್ಲ. ಅದನ್ನು ಎತ್ತಿ ಮತ್ತೆ ಆಟಕ್ಕೆ ತರೋದು ರೀಪಂಪ್. ಅದಿಲ್ಲದಿದ್ದರೆ ಮುಖ್ಯ ಲೇಸರ್ ಎಷ್ಟೇ ಜೋರಾಗಿದ್ದರೂ ಚುಕ್ಕೆ ನಿಲ್ಲಲ್ಲ. ಲೇಸರ್ ಆಚೀಚೆ ಅಲೆಯದೆ ಒಂದೇ ಆವರ್ತನದಲ್ಲಿ ನಿಲ್ಲುವಂತೆ ಕಟ್ಟಿಹಾಕೋದೇ ಲಾಕ್.

ನಾಲ್ಕೂವರೆಗೆ ಜೂನಿಯರ್ ಟೀ ಲೋಟ ಹಿಡಿದುಕೊಂಡೇ ಆಸಿಲೋಸ್ಕೋಪ್ ಮುಂದೆ ಬಗ್ಗಿದಳು. "ಅಣ್ಣ, ಲಾಕ್ ಏನೋ ಆಗಿದೆ. ಯಾವುದಕ್ಕೆ ಆಗಿದೆ?"

ರುಬಿಡಿಯಮ್ಮಿನಲ್ಲಿ ತೂಕದ ಸಂಖ್ಯೆಯಿಂದ ಕರೆಯುವ ಎರಡು ಜಾತಿ (ಐಸೊಟೋಪ್), ನೂರಕ್ಕೆ 72 ಪಾಲು 85, ಮಿಕ್ಕ 28 ಪಾಲು 87. ನಮಗೆ ಬೇಕಾದ್ದು 87. ಲಾಕ್ ಮಾಡೋಕೆ ನೋಡುವ ರುಬಿಡಿಯಮ್ ಶೀಶೆಯಲ್ಲಿ ಎರಡೂ ಇರುತ್ತವೆ, ಸ್ಕೋಪಿನ ತೆರೆಯ ಗೆರೆಯಲ್ಲಿ ಎರಡರ ಗುಂಡಿಗಳೂ, ಅಂದರೆ ಬೆಳಕು ನುಂಗಿದ ಕಡೆಯ ತಗ್ಗುಗಳೂ, ಅಕ್ಕಪಕ್ಕ ಕಾಣುತ್ತವೆ. ನಿನ್ನೆ ರಾತ್ರಿ ಮನೆಗೆ ಹೋಗುವ ಆತುರದಲ್ಲಿ ನಾನೇ ರೀಪಂಪನ್ನು ಲಾಕ್ ಮಾಡಿದ್ದೆ, 85ರ ಗುಂಡಿಗೆ. ನಮ್ಮ ಮನೆ ಬಾಗಿಲು ತೆರೆದಿಟ್ಟು ಪಕ್ಕದ ಮನೆಗೆ ಬೀಗ ಜಡಿದು ಬಂದ ಹಾಗೆ. ಇಡೀ ದಿನ ಮೀಟರಿನಲ್ಲಿ ಹಸಿರು ದೀಪ ಉರಿಯುತ್ತಿತ್ತು, ನಾನು ಅದನ್ನೇ ನಂಬಿದ್ದೆ.

1988ರಲ್ಲಿ ಭೌತವಿಜ್ಞಾನಿ ವಿಲಿಯಂ ಫಿಲಿಪ್ಸ್ ತಂಡ ಲೇಸರಿನಿಂದ ತಣ್ಣಗಾದ ಸೋಡಿಯಮ್ ಪರಮಾಣುಗಳ ಶಾಖ ಅಳೆದಾಗ ಸಿದ್ಧಾಂತ ಹೇಳಿದ 240 ಮೈಕ್ರೋಕೆಲ್ವಿನ್ (ಒಂದು ಕೆಲ್ವಿನ್ನಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಕೆಲ್ವಿನ್) ಬದಲು 43 ಸಿಕ್ಕಿತ್ತು. ಪ್ರಯೋಗ ಲೆಕ್ಕಕ್ಕಿಂತ ಚೆನ್ನಾಗಿ ಬಂದಿತ್ತು! 1997ರಲ್ಲಿ ಚೂ, ಕೊಹೆನ್ ತನೂಜಿ ಜೊತೆ ಅವರಿಗೂ ನೊಬೆಲ್ ಬಂತು. ನಮ್ಮ ಲ್ಯಾಬಿನಲ್ಲಿ ಆಶ್ಚರ್ಯಗಳು ಯಾವಾಗಲೂ ಇನ್ನೊಂದು ದಿಕ್ಕಿಗೇ.

ಲಾಕ್ ಬಿಚ್ಚಿ, ನಾಬ್ ನಿಧಾನವಾಗಿ ತಿರುಗಿಸಿ, ಸರಿಯಾದ ಗುಂಡಿಯಲ್ಲಿ ಕೂರಿಸಿದೆ. ನಾನೇ ಕೆಡಿಸಿದ ಕನ್ನಡಿಗಳನ್ನು ಸರಿಮಾಡೋಕೆ ಇನ್ನೂ ಎರಡು ಗಂಟೆ. ಏಳು ಗಂಟೆಗೆ ಮಬ್ಬಿನ ನಡುವೆ ಚುಕ್ಕೆ ಮೂಡಿತು. ಮೊದಲು ಬಾಲ ಇದ್ದ ಹಾಗಿತ್ತು, ಆಮೇಲೆ ಗುಂಡಗಾಯಿತು.

ಬ್ಯಾಗಿನಿಂದ ನಿಂಬೆಹಣ್ಣು ತೆಗೆದು ಮಾನಿಟರ್ ಪಕ್ಕ ಇಟ್ಟೆ. ಜೂನಿಯರ್ ಏನೂ ಕೇಳಲಿಲ್ಲ.

ಅಷ್ಟರಲ್ಲಿ ಅಮ್ಮನ ಫೋನ್. "ಮಾಟ ಹೋಯ್ತೇನೋ?"

"ಇಲ್ಲಮ್ಮ," ಅಂದೆ, "ಈಗ ಬಂತು."