ಟೆಸ್ಟ್ ಬಟನ್ ಸರಿ ಅಂತು, ಎಕ್ಸೆಲ್ ಒಪ್ಪಲಿಲ್ಲ

ಮಾರ್ಚ್ ಕೊನೆಯ ವಾರ ಅಕೌಂಟ್ಸ್ ಮೇಡಂಗೆ ಹೊಸ ಕಂಪ್ಯೂಟರ್ ಕೊಟ್ಟೆವು. ಅವರ ಎಕ್ಸೆಲ್ ಶೀಟ್ ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಿಂದ ನೇರವಾಗಿ ಬಿಲ್ ಎಳೆದುಕೊಳ್ಳುತ್ತದೆ, ಅದಕ್ಕೆ ಎರಡರ ನಡುವೆ ಮಾತು ದಾಟಿಸುವ ಒಡಿಬಿಸಿ ಡ್ರೈವರ್ ಬೇಕು. ವಿಂಡೋಸ್ 64 ಬಿಟ್, ಸರ್ವರ್ರೂ 64 ಬಿಟ್, ಇನ್ನೇನು ನೋಡೋದು ಅಂತ 64 ಬಿಟ್ ಡ್ರೈವರ್ ಹಾಕಿದೆ. ಡಿಎಸ್‌ಎನ್, ಅಂದರೆ ಯಾವ ಡೇಟಾಬೇಸ್‌ಗೆ ಹೇಗೆ ಸೇರಬೇಕು ಅನ್ನುವ ಸೆಟ್ಟಿಂಗ್, ಮಾಡಿ ಟೆಸ್ಟ್ ಒತ್ತಿದೆ. ಕನೆಕ್ಟ್ ಆಯಿತು. ಇನ್ನು ತೊಂದರೆ ಇಲ್ಲ ಮೇಡಂ ಅಂದು ಬಂದೆ.

ಹತ್ತು ನಿಮಿಷಕ್ಕೆ ಅವರೇ ನನ್ನ ಟೇಬಲ್ ಹತ್ತಿರ ಬಂದರು. "ಸರ್, ಏನೋ ಆರ್ಕಿಟೆಕ್ಚರ್ ಮಿಸ್‌ಮ್ಯಾಚ್ ಅಂತಿದೆ, ಒಂದು ಬಿಲ್ಲೂ ಬರ್ತಿಲ್ಲ."

ಎರರ್ ಅಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರೂ ನಾನು ನೋಡಿದ್ದು ಫೈರ್‌ವಾಲ್! ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ಪರೀಕ್ಷಿಸಿದೆ, ಪಾಸ್‌ವರ್ಡ್ ಬದಲಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ. ಸುಮ್ನೆ ಎರಡು ಗಂಟೆ ಹೋಯಿತು.

ಡ್ರೈವರ್ ಅಂದರೆ ಎಕ್ಸೆಲ್‌ಗೂ ಡೇಟಾಬೇಸ್‌ಗೂ ನಡುವೆ ಬೇರೆಯಾಗಿ ಓಡುವ ಪ್ರೋಗ್ರಾಂ ಅಂತ ನಾನು ಅಂದುಕೊಂಡಿದ್ದೆ. ಅದು ಬರೀ ಒಂದು ಡಿಎಲ್‌ಎಲ್ ಫೈಲ್. ಎಕ್ಸೆಲ್ ಕೇಳಿದಾಗ ವಿಂಡೋಸ್‌ನ ಡ್ರೈವರ್ ಮ್ಯಾನೇಜರ್ ಅದನ್ನು ಎಕ್ಸೆಲ್‌ನ ಮೆಮೊರಿಯೊಳಗೇ ತಂದು ಕೂರಿಸುತ್ತದೆ, ಅಲ್ಲಿಂದ ಅದು ಎಕ್ಸೆಲ್‌ನ ಕೋರಿಕೆಯನ್ನು ಪೋಸ್ಟ್‌ಗ್ರೆಸ್‌ಗೆ ಅರ್ಥವಾಗುವ ಹಾಗೆ ಮಾಡಿ ನೆಟ್‌ವರ್ಕ್‌ನಲ್ಲಿ ಕಳಿಸಿ, ಬಂದ ಉತ್ತರವನ್ನು ಸಾಲು ಸಾಲಾಗಿ ವಾಪಸ್ ಕೊಡುತ್ತದೆ. 32 ಬಿಟ್ ಪ್ರೋಗ್ರಾಂ ಒಳಗೆ 64 ಬಿಟ್ ಡಿಎಲ್‌ಎಲ್ ಕೂರುವುದಿಲ್ಲ, ಹಾಗಾಗಿ ಡ್ರೈವರ್ ಹೊಂದಬೇಕಾದ್ದು ಎಕ್ಸೆಲ್‌ಗೆ. ಸರ್ವರ್ ಎಷ್ಟು ಬಿಟ್ಟಿನದಾದರೂ ಲೆಕ್ಕಕ್ಕಿಲ್ಲ. ಅಬೌಟ್ ಎಕ್ಸೆಲ್ ತೆರೆದು ನೋಡಿದರೆ, ಮೇಲಿನ ಸಾಲಿನಲ್ಲೇ 32 ಬಿಟ್ ಅಂತ ಬರೆದಿತ್ತು.

ಮತ್ತೆ ಟೆಸ್ಟ್ ಯಾಕೆ ಪಾಸಾಯಿತು? ಟೆಸ್ಟ್ ಮಾಡಿದ್ದು ನಾನು ಡಿಎಸ್‌ಎನ್ ಮಾಡಿದ ಪ್ರೋಗ್ರಾಂ, ಒಡಿಬಿಸಿ ಅಡ್ಮಿನಿಸ್ಟ್ರೇಟರ್, ಅದು 64 ಬಿಟ್. ಎಕ್ಸೆಲ್‌ಗೂ ಆ ಟೆಸ್ಟಿಗೂ ಸಂಬಂಧವೇ ಇಲ್ಲ. ಈ ಅಡ್ಮಿನಿಸ್ಟ್ರೇಟರ್ ವಿಂಡೋಸ್‌ನಲ್ಲಿ ಎರಡಿವೆ, ಎರಡರ ಫೈಲ್ ಹೆಸರೂ ಒಡಿಬಿಸಿಎಡಿ32. ಸಿಸ್ಟಮ್32 ಫೋಲ್ಡರಿನಲ್ಲಿರುವುದು 64 ಬಿಟ್ಟಿನದು, ಸಿಸ್‌ವಾವ್64 ಫೋಲ್ಡರಿನಲ್ಲಿರುವುದು 32 ಬಿಟ್ಟಿನದು. ಹೆಸರಿಟ್ಟವರಿಗೆ ಏನನ್ನಬೇಕೋ!

32 ಬಿಟ್ ಡ್ರೈವರನ್ನೂ ಪಕ್ಕದಲ್ಲೇ ಹಾಕಿದೆ, ಎರಡೂ ಜೊತೆಗಿದ್ದರೆ ಜಗಳವೇನಿಲ್ಲ. ಬಿಲ್‌ಗಳು ಬಂದವು, ಕನ್ನಡದಲ್ಲಿದ್ದ ಗ್ರಾಹಕರ ಹೆಸರು ಮಾತ್ರ ಸರಿಯಾಗಿ ಬರಲಿಲ್ಲ. ಅವಸರದಲ್ಲಿ ಪಟ್ಟಿಯಲ್ಲಿ ಮೊದಲಿದ್ದ ಪೋಸ್ಟ್‌ಗ್ರೆಸ್ ಆನ್ಸಿ ಆರಿಸಿಬಿಟ್ಟಿದ್ದೆ, ಬೇಕಿದ್ದದ್ದು ಅದರ ಕೆಳಗಿದ್ದ, ಕನ್ನಡ ಅಕ್ಷರಗಳನ್ನೂ ಸರಿಯಾಗಿ ದಾಟಿಸುವ ಯುನಿಕೋಡ್. ಅದನ್ನು ಬದಲಿಸಿದೆ. ಈ ಸಲ ಟೆಸ್ಟ್ ಬಟನ್ ಮುಟ್ಟಲಿಲ್ಲ. ಮೇಡಂ ಪಕ್ಕ ಕುರ್ಚಿ ಎಳೆದುಕೊಂಡು, ಅವರ ಶೀಟಿನಲ್ಲೇ ರಿಫ್ರೆಶ್ ಒತ್ತಿಸಿದೆ.