300 ಪಾಯಿಂಟು, ಐದು ಆಟೀನು

ಡಿಸೆಂಬರ್ 29, 2024, ಭಾನುವಾರ
ಹಾಸನ

ನಿನ್ನೆ ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆ. ಅಪ್ಪ ಹಿಂದಿನಿಂದ ಬಂದು ಫೋನಿಗೆ ಇಣುಕಿದರು. ತೆರೆ ತುಂಬಾ ಇಸ್ಪೀಟ್ ಎಲೆ. "ಏನೋ ಇದು, ದುಡ್ಡು ಕಟ್ಟಿ ಆಡ್ತಿದೀಯಾ?" ಅಂದರು. ದನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಜಾಸ್ತಿ ಇತ್ತು. ಅವರು ಹಾಗೆ ಕೇಳಿದ್ದಕ್ಕೆ ಕಾರಣವೂ ಇದೆ. ನಮ್ಮ ಬೀದಿಯ ಹುಡುಗನೊಬ್ಬ ಹೋದ ವರ್ಷ ಆನ್‌ಲೈನ್ ರಮ್ಮಿಗೆ ಬೈಕ್ ಕಳಕೊಂಡಿದ್ದ.

ಆಟದ ಹೆಸರು ಬಲಾಟ್ರೋ, ಪೋಕರ್ ಥರ ಎಲೆ ಜೋಡಿಸಿ ಪಾಯಿಂಟು ಗಳಿಸುವ ವಿಡಿಯೋ ಗೇಮ್. ದುಡ್ಡು ಕೊಟ್ಟಿದ್ದು ಒಂದೇ ಸಲ, ಆಟ ಕೊಳ್ಳುವಾಗ. ಆಮೇಲೆ ಸೋತರೂ ಗೆದ್ದರೂ ಜೇಬಿಗೆ ಏನೂ ಆಗುವುದಿಲ್ಲ. ಹೀಗಂತ ಎರಡು ಸಲ ಹೇಳಿದ ಮೇಲೂ ಅಪ್ಪನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಅವರೊಬ್ಬರೇ ಅಲ್ಲ ಬಿಡಿ. ಮಾರ್ಚ್‌ನಲ್ಲಿ ಯುರೋಪಿನಲ್ಲೂ ಇದೇ ರಗಳೆ ಆಗಿತ್ತು. ಜೂಜಿನ ಚಿತ್ರ ಇದೆ ಅಂತ ಇದರ ವಯಸ್ಸಿನ ಮಿತಿಯನ್ನು 3ರಿಂದ 18ಕ್ಕೆ ಏರಿಸಿದರು. ಕೆಲವು ದೇಶಗಳಲ್ಲಿ ಕನ್ಸೋಲ್, ಅಂದರೆ ಆಟಕ್ಕೇ ಮಾಡಿದ ಯಂತ್ರಗಳ ಆನ್‌ಲೈನ್ ಅಂಗಡಿಗಳಿಂದ ಒಂದಷ್ಟು ದಿನ ಮಾಯವೇ ಆಗಿತ್ತು. ನಿಜವಾದ ದುಡ್ಡು ಸುರಿದು ಕಾರ್ಡ್ ಪ್ಯಾಕೆಟ್ ಕೊಳ್ಳುವ ಫುಟ್‌ಬಾಲ್ ಆಟ ಮಾತ್ರ ಚಿಕ್ಕ ಮಕ್ಕಳಿಗೂ ಸರಿಯಂತೆ! ಇದನ್ನು ಹೇಳಿದಾಗ ಅಪ್ಪ ನಕ್ಕರು. ಪಕ್ಕದಲ್ಲಿ ಕೂತೂಬಿಟ್ಟರು.

ವರ್ಷದ ಕೊನೆ ಅಲ್ವಾ, ಏನೇನು ಆಡಿದೆ ಅಂತ ಬರೆದಿಡೋಣ ಅಂತ ಈ ಪುಟ ತೆಗೆದೆ. ಬರೆಯಲು ಕೂತರೆ ನಿನ್ನೆ ರಾತ್ರಿಯದೇ ಮೊದಲು ಬಂತು.

ನನ್ನ ಲ್ಯಾಪ್‌ಟಾಪಿಗೆ ಆರು ವರ್ಷ. ಫ್ಯಾನ್ ಶುರುವಾದರೆ ಹಿಟ್ಟಿನ ಗಿರಣಿ ಹತ್ತಿರ ಕೂತಂತೆ. ರಿಪೇರಿಗೆ ಕೊಟ್ಟೆ, ದೂಳು ಒರೆಸಿ ಸಾವಿರದ ಇನ್ನೂರು ತಗೊಂಡರು, ಸದ್ದು ಹಾಗೇ ಇದೆ. ಹಾಗಾಗಿ ಈ ವರ್ಷ ನನಗೆ ದಕ್ಕಿದ್ದೆಲ್ಲ ಸಣ್ಣ ಆಟಗಳೇ. ಡಿಸೆಂಬರ್ 12ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ದ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ವರ್ಷದ ಆಟ ಅಂತ ಗೆದ್ದ ಆಸ್ಟ್ರೋ ಬಾಟ್ ಅನ್ನು ನಾನು ಮುಟ್ಟಿಯೂ ಇಲ್ಲ, ಅದಕ್ಕೆ ಪ್ಲೇಸ್ಟೇಷನ್ 5 ಕನ್ಸೋಲ್ ಬೇಕು. ನಮ್ಮಲ್ಲಿ ಆಗಲೇ 13ರ ಬೆಳಗ್ಗೆ. ಬಸ್ಸಿಗೆ ಕಾಯುತ್ತಾ ಫೋನಲ್ಲಿ ಫಲಿತಾಂಶ ನೋಡಿದೆ. ಬಲಾಟ್ರೋಗೆ ದೊಡ್ಡದು ಸಿಗಲಿಲ್ಲ, ಆದರೆ ಮೂರು ಪ್ರಶಸ್ತಿ ಬಂತು. ಅದನ್ನು ಮಾಡಿದವನು ಕೆನಡಾದ ಒಬ್ಬನೇ ಒಬ್ಬ. ಲೋಕಲ್‌ಥಂಕ್ ಅಂತ ಅಡ್ಡಹೆಸರು, ನಿಜ ಹೆಸರು ಹೇಳಿಕೊಂಡಿಲ್ಲ.

ಅನಿಮಲ್ ವೆಲ್ ಕೂಡ ಹೀಗೇ ಒಬ್ಬನ ಕೆಲಸ. ಬಿಲ್ಲಿ ಬಾಸೊ ಏಳು ವರ್ಷ ಕೂತು ಮಾಡಿದ್ದು. ಮೇ 9ಕ್ಕೆ ಬಂತು. ಡೌನ್‌ಲೋಡ್ ಮಾಡುವಾಗ ಏನೋ ತಪ್ಪಾಗಿದೆ ಅಂದುಕೊಂಡೆ, ಇಡೀ ಆಟ 35 ಎಂಬಿ ಅಷ್ಟೇ! ಮದುವೆ ಮನೆಯಿಂದ ವಾಟ್ಸಾಪಿಗೆ ಬರುವ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ. ಹೂವೊಂದು ಅರಳುತ್ತದೆ, ಒಳಗಿಂದ ಒಂದು ಪುಟ್ಟ ಮುದ್ದೆ ಉದುರುತ್ತದೆ. ಅದೇ ನೀವು. ಮುಂದೆ ಏನು ಮಾಡಬೇಕು ಅಂತ ಯಾರೂ ಒಂದು ಮಾತೂ ಹೇಳುವುದಿಲ್ಲ.

ಇದನ್ನು ಅಕ್ಕನ ಮಗಳ ಜೊತೆ ಆಡಿದೆ, ಬೇಸಿಗೆ ರಜೆಯಲ್ಲಿ. ಅವಳಿಗೆ ಎಂಟು ವರ್ಷ. ಕತ್ತಲೆ ಕೋಣೆಯಲ್ಲಿ ದೆವ್ವ ಬಂದಾಗ ನಾನು ಓಡಲು ನೋಡುತ್ತಿದ್ದೆ. ಅವಳು "ಪಟಾಕಿ ಹೊಡಿ ಮಾಮಾ, ಪಟಾಕಿ!" ಅಂತ ಕಿರುಚಿದಳು. ಹೊಡೆದೆ. ದೆವ್ವ ಚದುರಿತು. ಎಲ್ಲೆಲ್ಲೋ ಬಚ್ಚಿಟ್ಟ 64 ಮೊಟ್ಟೆ ಹುಡುಕುವುದು ಇದರಲ್ಲೊಂದು ಕೆಲಸ. ನಾವು ಎಷ್ಟು ಹುಡುಕಿದೆವೋ ಅದರಲ್ಲಿ ಅರ್ಧದಷ್ಟು ಅವಳ ಕಣ್ಣಿಗೇ ಬಿದ್ದಿದ್ದು. ನನಗೆ ಗೋಡೆ ಕಂಡಲ್ಲಿ ಅವಳಿಗೆ ಸಂದು ಕಾಣುತ್ತಿತ್ತು. ಈ ಆಟದ ಆಳದಲ್ಲಿ ಒಂದು ಒಗಟಿದೆ. ಒಬ್ಬೊಬ್ಬ ಆಟಗಾರನಿಗೂ ಚಿತ್ರದ ಒಂದೊಂದು ತುಂಡು ಮಾತ್ರ ಕಾಣುತ್ತದೆ. ಐವತ್ತು ತುಂಡು ಸೇರಿಸಿದರೇನೇ ಪೂರ್ತಿ ಚಿತ್ರ. ನಮ್ಮದು ಅಲ್ಲಿವರೆಗೆ ಹೋಗಲಿಲ್ಲ, ಶಾಲೆ ಶುರುವಾಯಿತು.

ಪ್ರಿನ್ಸ್ ಆಫ್ ಪರ್ಷಿಯಾದ ಹೊಸ ಆಟವನ್ನು ಅರ್ಧಕ್ಕೆ ಬಿಟ್ಟೆ. ಚೆನ್ನಾಗಿಲ್ಲ ಅಂತಲ್ಲ, ಫ್ಯಾನ್ ಸದ್ದು ತಡೆಯಲಾಗಲಿಲ್ಲ. ದಾರಿ ಸಿಗದ ಕಡೆ ಒಂದು ಫೋಟೋ ತೆಗೆದು ನಕ್ಷೆಗೇ ಅಂಟಿಸಿಡಬಹುದು ಅದರಲ್ಲಿ. ಗಾಡಿ ಕೀಲಿ ಎಲ್ಲಿಟ್ಟೆ ಅಂತ ದಿನಾ ಹುಡುಕುವ ನನ್ನಂಥವನಿಗೇ ಮಾಡಿದ ಹಾಗಿದೆ.

ದೊಡ್ಡ ಆಟ ಅಂತ ಆಡಿದ್ದು ಒಂದೇ, ಬ್ಲ್ಯಾಕ್ ಮಿತ್: ವುಕಾಂಗ್. ಅದೂ ಮೈಸೂರಿನಲ್ಲಿ, ಚಿಕ್ಕಪ್ಪನ ಮಗನ ಕಂಪ್ಯೂಟರಿನಲ್ಲಿ. ಚೀನಾದವರು ಮಾಡಿದ್ದು, ಆಗಸ್ಟ್ 20ಕ್ಕೆ ಬಂದು ಮೂರೇ ದಿನದಲ್ಲಿ 1 ಕೋಟಿ ಪ್ರತಿ ಹೋಯಿತು. ಕೋತಿ, ಕೈಯಲ್ಲಿ ದೊಣ್ಣೆ. ಚಿಕ್ಕಮ್ಮ ಬಂದು ನೋಡಿ "ಆಂಜನೇಯನಾ?" ಅಂದರು. ಅಲ್ಲ, ಅವರ ಕಡೆಯ ಕಥೆಗಳ ವಾನರ ರಾಜ ಸುನ್ ವುಕಾಂಗ್.

ಹೊಡೆದಾಟ ನನಗೆ ಅಷ್ಟಕ್ಕಷ್ಟೇ. ಒಂದೇ ಹುಲಿಯ ಹತ್ತಿರ ಹದಿನಾಲ್ಕು ಸಲ ಸತ್ತೆ. ಆದರೆ ಎರಡನೇ ಅಧ್ಯಾಯ ಶುರುವಾಗುತ್ತಲೇ ಮರಳುಗಾಡಿನಲ್ಲಿ ಒಬ್ಬ ಹಾಡುಗಾರ ಕೂತಿರುತ್ತಾನೆ. ತಲೆ ಇಲ್ಲ. ಮೂರು ತಂತಿಯ ವಾದ್ಯ ಮೀಟುತ್ತಾ ಹಾಡುತ್ತಾನೆ. ಶಾನ್‌ಶೀ ಪ್ರಾಂತ್ಯದ ಉತ್ತರ ಭಾಗದಲ್ಲಿ ಹೀಗೆ ಹಾಡಿ ಕಥೆ ಹೇಳುವ ಪದ್ಧತಿ ನಿಜವಾಗಿಯೂ ಇದೆ, ಇದು ಅದೇ ಧಾಟಿ. ದನಿ ಒರಟು, ಗಂಟಲಿನಿಂದ ಕಿತ್ತು ಬಂದಂತೆ. ಒಂದು ಪದವೂ ತಿಳಿಯಲಿಲ್ಲ. ಆದರೆ ಆ ಎಳೆತ ನನಗೆ ಗೊತ್ತಿತ್ತು. ನಮ್ಮಜ್ಜಿಯ ಊರಿಗೆ ಬರುತ್ತಿದ್ದ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಪದ ಎತ್ತಿಕೊಂಡಾಗಲೂ ಹೀಗೇ ಇರುತ್ತಿತ್ತು. ನಾನು ಸುಮ್ನೆ ಕೇಳುತ್ತಾ ನಿಂತೆ. "ಲೋ, ಮುಂದೆ ಹೋಗೋ, ನನ್ನ ಪಾಳಿ ಯಾವಾಗ?" ಅಂತ ತಮ್ಮ ಕಂಟ್ರೋಲರ್ ಕಿತ್ತುಕೊಂಡ. ಆ ಸದ್ದು ಮಾತ್ರ ಮೈಸೂರಿಂದ ಮನೆ ತಲುಪುವವರೆಗೂ ಕಿವಿಯಲ್ಲಿತ್ತು.

ಮತ್ತೆ ನಿನ್ನೆ ರಾತ್ರಿಗೆ. ಅಪ್ಪ ನಲವತ್ತು ವರ್ಷ ರಮ್ಮಿ ಆಡಿದವರು. ಮೊದಲ ಸುತ್ತಿಗೆ 300 ಪಾಯಿಂಟು ಬೇಕು ಅಂದೆ. ಕೈಯಲ್ಲಿ ಎಂಟು ಎಲೆ. ಅವರು ತಕ್ಷಣ ಮೂರು ಎಲೆಯ ಸೀಕ್ವೆನ್ಸ್ ಜೋಡಿಸಿ ಕೂತರು. ಇಲ್ಲಿ ಐದು ಬೇಕಪ್ಪಾ ಅಂದೆ. "ಐದಾ? ಇದ್ಯಾವ ಸೀಮೆ ಆಟನೋ!" ಹತ್ತರ ಜೋಡಿ ಹಾಕಿದರು, 60 ಬಂತು. ಮುಖ ಸಣ್ಣದಾಯಿತು. ಬೇಡದ ಎಲೆ ಎಸೆದು ಹೊಸದು ತಗೊಳ್ಳಿ ಅಂದೆ. ಎಸೆದರು. ಬಂದ ಎಲೆ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎಕ್ಕ, ರಾಜ, 9, 7, 4. ಐದೂ ಆಟೀನು.

ಲೆಕ್ಕ ಬರೆದು ತೋರಿಸಿದೆ. ಐದೂ ಆಟೀನಾಗಿದ್ದಕ್ಕೆ 35, ಎಕ್ಕಕ್ಕೆ 11, ರಾಜನಿಗೆ 10, ಉಳಿದದ್ದು 20. ಒಟ್ಟು 76. ಈ ಜೋಡಣೆಗೆ ಗುಣಕ 4, ಅದರಿಂದ ಗುಣಿಸು. 304! ಹಿಂದಿನ 60 ಇಲ್ಲದಿದ್ದರೂ ನಡೆಯುತ್ತಿತ್ತು.

ಆಮೇಲೆ ಅಂಗಡಿಗೆ ಹೋದೆವು. ಜೋಕರ್ ಕೊಳ್ಳುವುದು ಅಲ್ಲೇ, ಒಟ್ಟು 150 ಬಗೆ. ಜೋಕರ್ ಅಂದ ಕೂಡಲೇ ಅಪ್ಪ ಅದನ್ನು ಕೈಯ ಎಲೆಗಳ ಮಧ್ಯೆ ಹುಡುಕಿದರು. "ಜೋಕರ್ ಅಂದ್ಮೇಲೆ ಬೇಕಾದ ಎಲೆ ಆಗ್ಬೇಕು. ಮೇಲೆ ಸುಮ್ನೆ ಕೂತಿದೆಯಲ್ಲೋ, ಸಂಬಳ ಇಲ್ವಾ ಅದಕ್ಕೆ?" ಪುಣ್ಯಕ್ಕೆ ಅವರಿಗೆ ಸಿಕ್ಕಿದ್ದು ಫೋರ್ ಫಿಂಗರ್ಸ್. ಅದಿದ್ದರೆ ಸೀಕ್ವೆನ್ಸಿಗೆ ನಾಲ್ಕೇ ಎಲೆ ಸಾಕು. "ಹಾಂ, ಇವನು ಸ್ವಲ್ಪ ನಮ್ಮವನು" ಅಂದರು. ಆದರೆ ಮೂರನೇ ಸುತ್ತಿಗೆ ಎದುರಾಳಿಯಾಗಿ ಬಂದಿದ್ದು ಹುಕ್, ಅಂದರೆ ಕೊಕ್ಕೆ. ಒಂದು ಕೈ ಆಡಿದಾಗಲೆಲ್ಲ ಉಳಿದ ಎಲೆಗಳಲ್ಲಿ ಎರಡನ್ನು ಕಿತ್ತು ಎಸೆಯುವ ಖದೀಮ. 600 ಬೇಕಿತ್ತು, ಆಗಲಿಲ್ಲ. ಅಪ್ಪ ಫೋನ್ ಕೊಟ್ಟು ಮಲಗಲು ಹೋದರು.

ಇವತ್ತು ಆರೂವರೆಗೆ ಎದ್ದೆ. ದಿಂಬಿನ ಪಕ್ಕದಲ್ಲಿ ಫೋನಿಲ್ಲ. ಅಡುಗೆಮನೆಯಿಂದ ಅಮ್ಮ, "ನೀನು ಕೆಟ್ಟಿದ್ದು ಸಾಲ್ದು ಅಂತ ಇವರಿಗೂ ಹತ್ತಿಸಿದ್ಯಾ?" ಅಂದಳು. ಜಗಲಿಗೆ ಹೋದರೆ ಅಪ್ಪ ಕನ್ನಡಕ ಹಣೆ ಮೇಲೇರಿಸಿ ಕೂತಿದ್ದಾರೆ. ಕಾಫಿ ಕೆನೆಗಟ್ಟಿದೆ. ತಲೆ ಎತ್ತದೇ ಕೇಳಿದರು:

"ಆ ಕೊಕ್ಕೆ ಹಾಕೋ ನನ್ಮಗ ಮತ್ತೆ ಬಂದ ಕಣೋ. ಯಾವ ಎಲೆ ಮೊದಲು ಇಳಿಸ್ಲಿ?"